‘ಶುಭಂ’ ಆದಮೇಲಿನ ಸಂಸಾರ

ನಮ್ಮ ಹಳೆಯ ಸಿನಿಮಾಗಳು ಬಹುಮಟ್ಟಿಗೆ ತಾಳಿ ಕಟ್ಟುವಲ್ಲಿಗೆ ಮುಗಿಯುತ್ತಿದ್ದವು. ಗಟ್ಟಿಮೇಳ ಮೊಳಗಬೇಕು, ಅಕ್ಷತೆ ಬೀಳಬೇಕು, ಅಷ್ಟು ಹೊತ್ತು ಕಾದಾಡಿದವರೆಲ್ಲ ಸಾಲಾಗಿ ನಿಂತು ನಗಬೇಕು, ಮೇಲೆ ‘ಶುಭಂ’ ಅಂತ ಬರಬೇಕು. ಜನ ಕತ್ತಲಲ್ಲೇ ಚಪ್ಪಲಿ ಹುಡುಕಿಕೊಂಡು ಏಳುತ್ತಿದ್ದರು. ಇನ್ನು ಕೆಲವು ಸಿನಿಮಾಗಳಿಗೆ ಮುರಿದ ಮದುವೆಯೇ ಕಥೆ. ಕೂಡುವುದಕ್ಕೂ ಮುರಿಯುವುದಕ್ಕೂ ನಡುವೆ ಇರುವ ನಲವತ್ತು ಐವತ್ತು ವರ್ಷದ ಸಂಸಾರವನ್ನು ಮಾತ್ರ ಕ್ಯಾಮೆರಾ ಅಷ್ಟಾಗಿ ಮುಟ್ಟುವುದಿಲ್ಲ. ಅಲ್ಲಿರುವುದು ಹಾಲಿನವನ ಲೆಕ್ಕ, ಮಕ್ಕಳ ಫೀಸು, ಅತ್ತೆಯ ಮಂಡಿನೋವು, ಗ್ಯಾಸ್ ಬುಕ್ಕಿಂಗು. ಇದನ್ನು ನೋಡಲು ದುಡ್ಡು ಕೊಟ್ಟು ಯಾರು ಬರುತ್ತಾರೆ?

ಆದರೆ ಬಾಳಿಕೆ ಬಂದ ಮದುವೆಗಳ ಗುಟ್ಟೇನಾದರೂ ಇದ್ದರೆ ಅದು ಟಿಕೆಟ್ ಹುಟ್ಟದ ಈ ಭಾಗದಲ್ಲೇ ಇದೆ. ಕೊಯಮತ್ತೂರು ಸೀಮೆಯಲ್ಲಿ ಓಡಾಡುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಸಿನಿಮಾ, ಸಂಸಾರ, ಪ್ರಯಾಣ ಮೂರೂ ಆ ಸೀಮೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ಸಿನಿಮಾದ ಮಟ್ಟಿಗೆ ಕೊಯಮತ್ತೂರು ಸಾಮಾನ್ಯ ಊರಲ್ಲ. ತಿರುಚ್ಚಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚನೊಬ್ಬನಿಂದ ಪ್ರೊಜೆಕ್ಟರ್ ಕೊಂಡರು, ಟೆಂಟು ಕಟ್ಟಿಕೊಂಡು ಊರೂರು ತಿರುಗಿದರು, ಕೊನೆಗೆ ಇಲ್ಲಿ ನೆಲೆನಿಂತು 1914ರಲ್ಲಿ ವೆರೈಟಿ ಹಾಲ್ ಕಟ್ಟಿಸಿದರು. ಆ ರಸ್ತೆ ಇಂದಿಗೂ ವೆರೈಟಿ ಹಾಲ್ ರಸ್ತೆಯೇ. ಮುಂದೆ ಸೆಂಟ್ರಲ್ ಸ್ಟುಡಿಯೋ ಬಂತು, ನಲವತ್ತರ ದಶಕದಲ್ಲಿ ಎಸ್.ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ ಬಂತು. ನಾಯ್ಡು 1954ರಲ್ಲಿ ಎಂ.ಜಿ.ಆರ್. ಅವರನ್ನು ಹಾಕಿಕೊಂಡು ‘ಮಲೈಕ್ಕಳ್ಳನ್’ ತೆಗೆದರು. ಗೆದ್ದ ಕಥೆಯನ್ನು ಬಿಡುವ ಆಸಾಮಿ ಅವರಲ್ಲ. ಅದೇ ಕಥೆ ಮರುವರ್ಷ ದಿಲೀಪ್ ಕುಮಾರ್, ಮೀನಾ ಕುಮಾರಿಯವರ ‘ಆಜಾದ್’ ಆಯಿತು. 1957ರಲ್ಲಿ ಕನ್ನಡದ ‘ಬೆಟ್ಟದ ಕಳ್ಳ’ ಆಯಿತು. ತೆಲುಗು, ಮಲಯಾಳಂ, ಸಿಂಹಳಕ್ಕೂ ಹೋಯಿತು. ಮುಂದೆ ನಾಯ್ಡು ಬೆಂಗಳೂರಿಗೆ ಬಂದು ಚಾಮುಂಡೇಶ್ವರಿ ಸ್ಟುಡಿಯೋ ಕಟ್ಟಿದರು.

ಇದಕ್ಕಿಂತ ದೊಡ್ಡ ನಂಟು ಇನ್ನೊಂದಿದೆ. ಕನ್ನಡಿಗರ ಅಣ್ಣಾವ್ರು, ನಟ ರಾಜ್‌ಕುಮಾರ್, 1929ರಲ್ಲಿ ಹುಟ್ಟಿದ ಗಾಜನೂರು ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅವರ ಹೆಸರಿನ ಮೊದಲಿಗೆ ಅಂಟಿಕೊಂಡ ಸಿಂಗಾನಲ್ಲೂರು ಇರುವ ಕೊಳ್ಳೇಗಾಲ ತಾಲ್ಲೂಕೂ ಅದೇ ಜಿಲ್ಲೆಯದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಬಂತು, ಗಾಜನೂರು ಅಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆ ಆದಾಗ ಗಾಜನೂರಿರುವ ತಾಳವಾಡಿ ಭಾಗ ಅದರ ಪಾಲಾಯಿತು, 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ಅಣ್ಣತಮ್ಮಂದಿರ ಪಾಲುಪಟ್ಟಿಯ ಹಾಗೆ ಗಡಿಗಳು ಸರಿದವು. ತಾಳವಾಡಿಯ ಅಂಗಡಿ ಜಗಲಿಗಳ ಮೇಲೆ ಇವತ್ತಿಗೂ ಕನ್ನಡ ಕೇಳಿಸುತ್ತದೆ.

ರಾಜ್‌ಕುಮಾರ್ ಮತ್ತು ಪಾರ್ವತಮ್ಮನವರ ಮದುವೆ ಆದದ್ದು 1953ರಲ್ಲಿ. ಆಗಿನ ಕಾಲದ ರೂಢಿ. ಆಕೆಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಅವರನ್ನು ನಾಯಕನಟನನ್ನಾಗಿಸಿದ ‘ಬೇಡರ ಕಣ್ಣಪ್ಪ’ ತೆರೆ ಕಂಡದ್ದು ಮರುವರ್ಷ. ಅಂದರೆ ಆಕೆ ಕೈಹಿಡಿದದ್ದು ನಾಯಕನಟನನ್ನಲ್ಲ, ನಾಟಕ ಕಂಪನಿಯ ಮುತ್ತುರಾಜನನ್ನು. ಆಮೇಲಿನ ಕಥೆಯಲ್ಲಿ ನಮಗೆ ಗೊತ್ತಿರುವುದೆಲ್ಲ ಅವರ ಸಿನಿಮಾಗಳ ಹೆಸರು. ಅದೇ ವರ್ಷಗಳಲ್ಲಿ ಐವರು ಮಕ್ಕಳನ್ನು ಸಾಕುತ್ತಾ, ತುಂಬು ಮನೆಯನ್ನು ಸಂಭಾಳಿಸುತ್ತಾ ಇದ್ದ ಆಕೆ 1975ರಲ್ಲಿ ‘ತ್ರಿಮೂರ್ತಿ’ಯಿಂದ ನಿರ್ಮಾಪಕಿಯಾದರು. ಕಾದಂಬರಿ ಓದಿ ಕಥೆ ಆರಿಸುವುದು, ಕಾಲ್‌ಷೀಟು, ಸಂಭಾವನೆ, ಹಂಚಿಕೆ, ಬಂದುಹೋದವರ ಊಟ ಎಲ್ಲದರ ಮೇಲೂ ಅವರ ಕಣ್ಣು. ದುಡ್ಡಿನ ವ್ಯವಹಾರ ತಮಗೆ ತಿಳಿಯದು ಎಂದು ರಾಜ್ ನಿಶ್ಚಿಂತೆಯಿಂದ ಇರುತ್ತಿದ್ದರೆಂದರೆ, ಅದಕ್ಕೆ ಕಾರಣ ಅದನ್ನು ತಿಳಿದವರೊಬ್ಬರು ಮನೆಯಲ್ಲೇ ಇದ್ದದ್ದು. 2006ರಲ್ಲಿ ರಾಜ್ ಹೋಗುವವರೆಗೂ ಐವತ್ತೆರಡು ವರ್ಷ ದಾಟಿ ನಡೆದ ದಾಂಪತ್ಯ ಅದು.

ನನಗೆ ಇಷ್ಟವಾದ ಸಿನಿಮಾಗಳ ಪಟ್ಟಿಯಲ್ಲಿ 1982ರ ‘ಹಾಲು ಜೇನು’ ಮೇಲೆಯೇ ಇರುವುದಕ್ಕೆ ಇದೇ ಕಾರಣ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ ಆ ಸಿನಿಮಾದಲ್ಲಿ ಮದುವೆ ಆಗಿಹೋಗಿದೆ. ಕ್ಯಾನ್ಸರ್ ಬಂದ ಹೆಂಡತಿಯ ಮುಖದಲ್ಲಿ ನಗು ಉಳಿಸಲು ಹೆಣಗಾಡುವ ಗಂಡನೇ ಅದರ ನಾಯಕ. ಹೊಡೆದಾಟದ ಪಾತ್ರಗಳನ್ನೂ ಮಾಡಿದ್ದ ರಾಜ್‌ಕುಮಾರ್ ಇಲ್ಲಿ ಔಷಧಿ, ಊಟ, ಸಣ್ಣಪುಟ್ಟ ಸುಳ್ಳು ಇವಿಷ್ಟರಲ್ಲೇ ಕಥೆ ನಡೆಸುತ್ತಾರೆ. 1974ರ ‘ಎರಡು ಕನಸು’ ಕೂಡ ಮದುವೆಯ ಆಚೆಗಿನದೇ. ಒಬ್ಬಳನ್ನು ಮರೆಯಲಾರದೆ ಮನೆಯಲ್ಲಿರುವ ಇನ್ನೊಬ್ಬಳನ್ನು ನೋಡದೇ ಹೋಗುವ ಗಂಡ. ಕಾಯುವ ಹೆಂಡತಿಯಾಗಿ ಕಲ್ಪನಾ. ಆಕೆಯ ತಾಳ್ಮೆಯನ್ನು ಅಂದು ಎಲ್ಲರೂ ಕೊಂಡಾಡಿದರು. ಇಂದಿನ ಹುಡುಗಿಯರಿಗೆ ತೋರಿಸಿದರೆ ಆಕೆ ಅಷ್ಟು ದಿನ ಯಾಕೆ ಕಾದಳು ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಬಾಳಿದ ಮದುವೆ ಎಂದು ನಾವು ಹೊಗಳುವ ಎಷ್ಟೋ ಮದುವೆಗಳು ಒಬ್ಬರೇ ಎಳೆದ ಬಂಡಿಗಳು.

ಇಬ್ಬರೂ ಎಳೆದದ್ದನ್ನು ನೋಡಬೇಕಾದರೆ ಮೇಟ್ಟುಪಾಳಯದ ಹತ್ತಿರದ ಸಿರುಮುಗೈಗೆ ಹೋಗಬೇಕು. ಅಲ್ಲಿನ ದೇವಾಂಗ ನೇಕಾರರಲ್ಲಿ ಬಹಳ ಜನರ ಮನೆಮಾತು ಕನ್ನಡ. ಓದುವುದು ಬರೆಯುವುದೆಲ್ಲ ತಮಿಳಿನಲ್ಲಿ, ಜಗಳವಾಡುವುದು ಕನ್ನಡದಲ್ಲಿ. ಒಬ್ಬ ಹಿರಿಯ ನೇಕಾರರ ಮನೆಯಲ್ಲಿ ಕೂತಿದ್ದೆ. ಅವರು ನೆಲದ ಗುಂಡಿಯೊಳಗೆ ಕಾಲಿಳಿಸಿ ರೇಷ್ಮೆ ಸೀರೆಯ ಸೆರಗು ನೇಯುತ್ತಿದ್ದರು. ಹೆಂಡತಿ ಹಜಾರದ ಇನ್ನೊಂದು ಮೂಲೆಯಲ್ಲಿ ರಾಟೆ ತಿರುಗಿಸುತ್ತಾ ಕಂಡಿಕೆ ಸುತ್ತುತ್ತಿದ್ದರು. ಲಾಳಿಯ ಸದ್ದು ಒಂದು ಕ್ಷಣ ತಡವರಿಸಿತು. ಗಂಡ ತಲೆ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಆಕೆ ಎದ್ದು ಹೋಗಿ ಬೇಕಾದ ಬಣ್ಣದ ಕಂಡಿಕೆಯನ್ನು ಅವರ ಬಲಗೈಯ ಬಳಿ ಇಟ್ಟು ಬಂದು ಮತ್ತೆ ರಾಟೆಗೆ ಕೂತರು. ಇಬ್ಬರಿಗೂ ಅದು ಗಮನಿಸುವಂಥ ಸಂಗತಿಯೇ ಆಗಿರಲಿಲ್ಲ.

ಯಾವ ಸಿನಿಮಾ ಇಷ್ಟ ಎಂದು ಕೇಳಿದೆ. ಅವರಿಗೆ ರಜನಿಯ ‘ಮನ್ನನ್’. ಆಕೆ ನಕ್ಕು, ಅದರಲ್ಲಿ ಮಿಲ್ಲಿನ ಒಡತಿಯ ಸೊಕ್ಕು ಮುರಿಯುವುದು ಇವರಿಗೆ ಭಾರೀ ಖುಷಿ ಅಂದರು. ಆ ಕಥೆ ಮೊದಲು ಬಂದದ್ದು ಕನ್ನಡದಲ್ಲಿ, ಎಚ್.ಜಿ. ರಾಧಾದೇವಿಯವರ ಕಾದಂಬರಿಯಿಂದ, 1986ರಲ್ಲಿ ರಾಜ್‌ಕುಮಾರ್ ‘ಅನುರಾಗ ಅರಳಿತು’ ಎಂದು ಮಾಡಿದ್ದೇ 1992ರಲ್ಲಿ ನಿಮ್ಮ ‘ಮನ್ನನ್’ ಆಯಿತು ಎಂದು ನಾನು ಹೇಳಿದೆ. ಗಂಡನಿಗೆ ನಂಬಿಕೆ ಬರಲಿಲ್ಲ. ಹೆಂಡತಿಗೆ ಮಾತ್ರ ಬರೆದವಳು ಹೆಂಗಸು ಎಂಬುದೇ ದೊಡ್ಡ ಸುದ್ದಿಯಾಯಿತು. ಹಾಗಾದರೆ ಪುಸ್ತಕದಲ್ಲೂ ಅವಳ ಸೊಕ್ಕನ್ನೇ ಮುರಿದಿದ್ದಾಳಾ ಎಂದು ಕೇಳಿದರು. ಒಳ್ಳೆಯ ವಿಮರ್ಶಕಿ.

ಕೂಲಿ ಲೆಕ್ಕ ಹಾಕುವುದು ಸೀರೆಗೆ. ಮನೆಯಾಕೆ ಸುತ್ತಿದ ಕಂಡಿಕೆಗೆ ಬೇರೆ ಕೂಲಿ ಯಾರೂ ಬರೆಯುವುದಿಲ್ಲ. ನೇಕಾರ ವಚನಕಾರ ದೇವರ ದಾಸಿಮಯ್ಯನನ್ನು ನೆನೆಯುವಾಗ ಜೊತೆಗೆ ಹೆಂಡತಿ ದುಗ್ಗಳೆಯ ಹೆಸರನ್ನೂ ಹೇಳುತ್ತೇವೆ. ಆಕೆಯವೂ ವಚನಗಳಿವೆ. ಆ ಹೆಸರು ಉಳಿದದ್ದು ಪುಣ್ಯ. ಮಿಕ್ಕ ಮಗ್ಗಗಳ ಪಕ್ಕ ಕೂತವರದು ಉಳಿಯಲಿಲ್ಲ.

ತಿರುಪ್ಪೂರಿನಲ್ಲಿ ಚಿತ್ರ ಸ್ವಲ್ಪ ಬೇರೆ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಬನಿಯನ್ ಕಂಪನಿಗೆ ಹೋಗುತ್ತಾರೆ. ಒಬ್ಬರು ಕಟಿಂಗ್, ಒಬ್ಬರು ಚೆಕಿಂಗ್. ಆರ್ಡರ್ ಜಾಸ್ತಿ ಇದ್ದರೆ ‘ಒಂದೂವರೆ ಶಿಫ್ಟು’. ಶನಿವಾರ ಸಂಬಳ, ಭಾನುವಾರ ಬಿಡುವು. ಇಬ್ಬರ ಕೈಗೂ ಕೂಲಿ ಬರುವುದರಿಂದ ಮನೆಯ ಮಾತಿಗೆ ಇಬ್ಬರ ತೂಕವೂ ಇರುತ್ತದೆ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಇಬ್ಬರ ಬುತ್ತಿ ಕಟ್ಟುವ ಕೈ ಹೆಚ್ಚಿನ ಮನೆಗಳಲ್ಲಿ ಇನ್ನೂ ಒಂದೇ. ಭಾನುವಾರ ಸಿಕ್ಕಿದ ಬಸ್ಸು ಹತ್ತಿ ಉಡುಮಲಪೇಟೆ ಕಡೆಯ ತಿರುಮೂರ್ತಿ ಬೆಟ್ಟಕ್ಕೋ ಅಮರಾವತಿ ಅಣೆಕಟ್ಟಿಗೋ ಮಕ್ಕಳನ್ನು ಕರೆದುಕೊಂಡು ಹೋದರೂ ಚಿತ್ರಾನ್ನದ ಡಬ್ಬಿ ಅದೇ ಕೈಯದು.

ಕುಟುಂಬದ ಪ್ರವಾಸಕ್ಕೆ ಒಂದು ಗುಣವಿದೆ. ಮನೆಯಲ್ಲಿ ಗೋಡೆಗಳ ನಡುವೆ ಹಂಚಿಹೋಗಿ ಕಾಣದೇ ಇರುವ ಕೆಲಸವನ್ನೆಲ್ಲ ಒಂದು ಬ್ಯಾಗಿಗೆ ತುಂಬಿ ಕಣ್ಣೆದುರು ಇಡುತ್ತದೆ. ಕೊಯಮತ್ತೂರಿನಿಂದ ಸತ್ಯಮಂಗಲ, ಬಣ್ಣಾರಿ ದಾಟಿ ಚಾಮರಾಜನಗರಕ್ಕೆ ಸುಮಾರು 150 ಕಿಲೋಮೀಟರ್. ಬಣ್ಣಾರಿ ಅಮ್ಮನ ಗುಡಿಯಲ್ಲಿ ಕೈಮುಗಿದು ಹೊರಟರೆ ದಿಂಬಂ ಘಾಟಿಯ 27 ತಿರುವುಗಳು. ಪ್ರತಿ ತಿರುವಿಗೂ ನಂಬರಿನ ಫಲಕವಿದೆ. ಒಂಬತ್ತನೆಯದಕ್ಕೆ ಹಿಂದಿನ ಸೀಟಿನ ಮಗುವಿಗೆ ಹೊಟ್ಟೆ ತೊಳಸುತ್ತದೆ. ಆಗ ನಿಂಬೆಹಣ್ಣು ಎಲ್ಲಿಂದ ಬಂತು, ಪ್ಲಾಸ್ಟಿಕ್ ಕವರು ಎಲ್ಲಿತ್ತು, ಒದ್ದೆ ಟವೆಲು ಯಾರು ಇಟ್ಟಿದ್ದರು ಎಂಬುದು ಸ್ಟಿಯರಿಂಗ್ ಹಿಡಿದವನಿಗೆ ಗೊತ್ತೇ ಇರುವುದಿಲ್ಲ. ಹುಲಿ ಸಂರಕ್ಷಿತ ಕಾಡು ಅದು. ರಾತ್ರಿ ಸಂಚಾರಕ್ಕೆ 2022ರಿಂದ ಕಟ್ಟುನಿಟ್ಟಿನ ನಿರ್ಬಂಧವಿದೆ. ಹೊತ್ತು ಮೀರುವ ಮುಂಚೆ ಘಾಟಿ ದಾಟಬೇಕೆಂಬ ಲೆಕ್ಕವನ್ನೂ ಹಿಂದಿನ ಸೀಟೇ ಇಟ್ಟಿರುತ್ತದೆ. ಹಾಸನೂರು ದಾಟಿ ಕಾರಪಳ್ಳಂ ಚೆಕ್‌ಪೋಸ್ಟಿನ ಹತ್ತಿರ ಕಬ್ಬಿನ ಲಾರಿ ತಡೆದು ನಿಂತ ಆನೆ ಸಿಕ್ಕಿದರೆ ಫೋಟೋ ತೆಗೆಯುವುದು ಮುಂದಿನ ಸೀಟು, ಕಿಟಕಿ ಏರಿಸಿ ಎಂದು ಕೂಗುವುದು ಹಿಂದಿನದು.

ಅದೇ ಕಾಡಿನ ಅಂಚಿನಲ್ಲಿ ಗಾಜನೂರಿದೆ. 2000ದ ಜುಲೈ 30, ಆಷಾಢದ ಅಮಾವಾಸ್ಯೆಯ ರಾತ್ರಿ. ನಮ್ಮ ಹೆಂಗಸರು ಗಂಡನ ಆಯುಷ್ಯಕ್ಕೆಂದು ಪೂಜೆ ಮಾಡುವ ಭೀಮನ ಅಮಾವಾಸ್ಯೆ. ಹೊಸ ಮನೆಯ ಗೃಹಪ್ರವೇಶಕ್ಕೆಂದು ಊರಿಗೆ ಬಂದಿದ್ದ ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಬಂದು ಅಪಹರಿಸಿ ಕರೆದೊಯ್ದ. ಕೊಯಮತ್ತೂರಿನ ಸ್ಟುಡಿಯೋ ಆರು ಭಾಷೆಗೆ ಹಂಚಿದ ಬೆಟ್ಟದ ಕಳ್ಳ ಮನಸ್ಸಿನಲ್ಲಿ ಒಳ್ಳೆಯವನಾಗಿದ್ದ. ಈ ಕಳ್ಳ ಹಾಗಿರಲಿಲ್ಲ, ಬಂದೂಕು ನಿಜವಾಗಿತ್ತು. ಹೋಗುವಾಗ ಅವನು ಒಂದು ಕ್ಯಾಸೆಟ್ಟನ್ನು ಪಾರ್ವತಮ್ಮನವರ ಕೈಗೆ ಕೊಟ್ಟು, ಕರ್ನಾಟಕದ ಮುಖ್ಯಮಂತ್ರಿಗೆ ತಲುಪಿಸು ಎಂದ. ಕಣ್ಣೆದುರೇ ಗಂಡನನ್ನು ಕತ್ತಲಿಗೆ ಕಳಿಸಿಕೊಟ್ಟ ಹೆಂಗಸು ಕೂತು ಅಳುವ ಹೊತ್ತಿನಲ್ಲಿ ಕಾರು ಹತ್ತಿ ಬೆಂಗಳೂರಿನ ಹಾದಿ ಹಿಡಿದರು. ನಾಡು ಹೊತ್ತಿ ಉರಿಯಬಹುದಾದ ಸುದ್ದಿ ಆ ಕ್ಯಾಸೆಟ್ಟಿನಲ್ಲಿತ್ತು. ಆಮೇಲಿನ 108 ದಿನಗಳ ಬಗ್ಗೆ ಪುಸ್ತಕಗಳು ಬಂದಿವೆ, ಸಂಧಾನಕಾರರ ಹೆಸರು ಎಲ್ಲರಿಗೂ ಗೊತ್ತು. ಆ ಒಂದು ರಾತ್ರಿಯ ಪ್ರಯಾಣವನ್ನು ಮಾತ್ರ ಒಂದು ಸಾಲಿನಲ್ಲಿ ದಾಟಿಬಿಡುತ್ತೇವೆ. ನಲವತ್ತೇಳು ವರ್ಷ ಗಂಡನ ಲೆಕ್ಕ, ಊಟ, ಕಾಲ್‌ಷೀಟು ನೋಡಿಕೊಂಡು ಬಂದ ಅಭ್ಯಾಸವೇ ಅವತ್ತೂ ಆಕೆಯನ್ನು ನಡೆಸಿತೆಂದು ನನಗನ್ನಿಸುತ್ತದೆ. ಅಂಥ ಹೊತ್ತಿಗೆ ಬೇಕಾದ ಧೈರ್ಯ ಒಮ್ಮೆಗೇ ಬರುವಂಥದ್ದಲ್ಲ. ದಿನದಿನದ ಕೆಲಸದಲ್ಲಿ ಕೂಡಿಟ್ಟದ್ದು.

ಮದುವೆಯಾಗಿ ಐವತ್ತು ವರ್ಷವಾಯಿತೆಂದು ಛತ್ರ ಹಿಡಿದು ಹಾರ ಹಾಕಿಸಿಕೊಳ್ಳುವ ದಂಪತಿಗಳನ್ನು ನಾವು ಪ್ರೀತಿಯ ಬಗ್ಗೆ ಕೇಳುತ್ತೇವೆ. ಅವರು ನಾಚಿಕೊಂಡು ಏನೋ ಹೇಳುತ್ತಾರೆ. ಬದಲಿಗೆ ಯಾರು ಯಾವ ಕೆಲಸ ಮಾಡುತ್ತಿದ್ದಿರಿ, ಒಬ್ಬರು ಮಲಗಿದಾಗ ಇನ್ನೊಬ್ಬರಿಗೆ ಅದನ್ನು ಮಾಡಲು ಬರುತ್ತಿತ್ತೇ ಎಂದು ಕೇಳಿದರೆ ನಿಜವಾದ ಕಥೆ ಹೊರಬರುತ್ತದೆ. ನಮ್ಮ ಮನೆಗಳಲ್ಲೂ ಇದನ್ನು ಪರೀಕ್ಷಿಸಲು ಕಷ್ಟವಿಲ್ಲ. ದಸರಾ ರಜೆ ಬರುತ್ತದೆ. ಮನೆಮಂದಿಯೆಲ್ಲ ಎಲ್ಲಿಗಾದರೂ ಹೊರಡುತ್ತೀರಿ. ಈ ಸಲ ಗಂಡಸರು ಬ್ಯಾಗು ತುಂಬಲಿ. ಏನೇನು ಮರೆತರು ಎಂಬುದು ಒಂಬತ್ತನೆಯ ತಿರುವಿಗೆ ಗೊತ್ತಾಗುತ್ತದೆ.