ಮೊದಲೇಟಿನ ನ್ಯಾಯ

ಆರ್ಸನ್ ಸ್ಕಾಟ್ ಕಾರ್ಡ್ ಅವರ ‘ಎಂಡರ್ಸ್ ಗೇಮ್’ ಕಾದಂಬರಿಯ ಶುರುವಿನಲ್ಲೇ ಆರು ವರ್ಷದ ಹುಡುಗನೊಬ್ಬ ತನ್ನನ್ನು ಕಾಡುತ್ತಿದ್ದ ದೊಡ್ಡ ಹುಡುಗನನ್ನು ನೆಲಕ್ಕೆ ಕೆಡವುತ್ತಾನೆ. ಜಗಳ ಅಲ್ಲಿಗೆ ಮುಗಿಯಬೇಕಿತ್ತು. ಬಿದ್ದವನು ಏಳುತ್ತಿಲ್ಲ, ಅವನ ಜೊತೆಗಾರರು ದಂಗಾಗಿ ನಿಂತಿದ್ದಾರೆ. ಆದರೂ ಎಂಡರ್ ಬಿದ್ದವನನ್ನೇ ಮತ್ತೆ ಮತ್ತೆ ಒದೆಯುತ್ತಾನೆ. ಯಾಕೆ ಎಂದು ಸೇನಾಧಿಕಾರಿ ಗ್ರಾಫ್ ಕೇಳಿದಾಗ ಅವನು ಕೊಡುವ ಉತ್ತರದ ಸಾರ ಇಷ್ಟು: ಕೆಡವಿದ್ದರಿಂದ ಇವತ್ತಿನ ಜಗಳ ಗೆದ್ದೆ, ಒದ್ದದ್ದು ಮುಂದಿನ ಜಗಳಗಳನ್ನೆಲ್ಲ ಈಗಲೇ ಗೆಲ್ಲುವುದಕ್ಕೆ. ಒದೆ ತಿಂದ ಹುಡುಗ ಸತ್ತೇಹೋದ ಎಂಬುದನ್ನು ಎಂಡರ್‌ಗೆ ಯಾರೂ ತಿಳಿಸುವುದಿಲ್ಲ. ಗ್ರಾಫ್‌ಗಂತೂ ಉತ್ತರ ಹಿಡಿಸುತ್ತದೆ. ಸೇನೆ ಹುಡುಕುತ್ತಿದ್ದದ್ದು ಇಂಥದೇ ತಲೆಯನ್ನು.

ಋಣಶೇಷ, ಅಗ್ನಿಶೇಷ, ಶತ್ರುಶೇಷ ಉಳಿಸಬಾರದು ಎಂದು ಕೇಳುತ್ತ ಬೆಳೆದವರಿಗೆ ಈ ತರ್ಕ ಹೊಸದಲ್ಲ. 1985ರ ಈ ಕಾದಂಬರಿ ಅದನ್ನು ನಕ್ಷತ್ರಗಳ ಮಟ್ಟಕ್ಕೆ ಹಿಗ್ಗಿಸುತ್ತದೆ. ಕೀಟರೂಪಿ ಜೀವಿಗಳು ಎರಡು ಸಲ ಮನುಷ್ಯರ ಮೇಲೆ ಎರಗಿ ಸೋತಿವೆ. ಮೂರನೆಯ ಸಲ ಬರುವವರೆಗೆ ಕಾಯುವುದು ಬೇಡವೆಂದು ಮನುಷ್ಯರೇ ಅವುಗಳ ಗ್ರಹದತ್ತ ಪಡೆ ಕಳಿಸಿದ್ದಾರೆ. ತರಬೇತಿಯ ಆಟ ಎಂದು ನಂಬಿಸಿ ಎಂಡರ್‌ನ ಕೈಯಿಂದಲೇ ಆ ಗ್ರಹವನ್ನು ಸುಡಿಸುತ್ತಾರೆ. ನಿಜ ಹೊರಬೀಳುವುದು ಆಮೇಲೆ. ಒಬ್ಬೊಬ್ಬ ಮನುಷ್ಯನಿಗೂ ಬೇರೆಬೇರೆ ಬುದ್ಧಿಯಿದೆ ಎನ್ನುವುದು ಜೇನುಹುಟ್ಟಿನಂತೆ ಬದುಕುವ ಆ ಜೀವಿಗಳಿಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಮತ್ತೆ ಈ ಕಡೆ ಬರಬಾರದೆಂದು ಅವು ತೀರ್ಮಾನಿಸಿಬಿಟ್ಟಿದ್ದವು.

ಲೇಖಕ ಜಾನ್ ಕೆಸೆಲ್ 2004ರಲ್ಲಿ ಈ ಕಾದಂಬರಿಯ ಮೇಲೊಂದು ಕಟುವಾದ ಪ್ರಬಂಧ ಬರೆದರು. ಕೊಂದವನ ಮನಸ್ಸು ಶುದ್ಧವಾಗಿದ್ದರೆ ಕೊಲೆಯೂ ಪಾಪವಲ್ಲ ಎಂಬ ಭಾವನೆ ಬರುವಂತೆ ಇಡೀ ಕಥೆಯನ್ನು ಹೊಂದಿಸಲಾಗಿದೆ ಎಂಬುದು ಅವರ ತಕರಾರು. ಒಪ್ಪುತ್ತೇನೆ. ನನ್ನ ತಕರಾರು ಇನ್ನೊಂದು: ಇಂಥ ಕಥೆಗಳಲ್ಲಿ ಶತ್ರುವಿನ ಉದ್ದೇಶ ಏನೆಂದು ಕಡೆಗೆ ಹೇಳುವವನು ಲೇಖಕ. ನೀವು ಹೊಡೆಯದಿದ್ದರೆ ಅವರು ಹೊಡೆಯುತ್ತಿದ್ದರು ಎಂದು ಅವನು ಹೇಳಿದರೆ ಅದು ಆ ವಿಶ್ವದ ಸತ್ಯ, ಹೊಡೆಯುತ್ತಿರಲಿಲ್ಲ ಎಂದರೆ ಅದೂ ಸತ್ಯ. ಗುಂಡಿ ಒತ್ತುವ ಪಾತ್ರಕ್ಕಾಗಲೀ ನಮ್ಮ ಲೋಕದ ಯಾವ ಸರ್ಕಾರಕ್ಕಾಗಲೀ ಆ ಕೊನೆಯ ಪುಟ ಓದಲು ಸಿಗುವುದಿಲ್ಲ.

ಸಿಕ್ಕರೂ ಅಷ್ಟೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಕಂಸನಿಗೆ ಸಿಕ್ಕಿತ್ತು. ದೇವಕಿಯ ಎಂಟನೆಯ ಮಗು ನಿನ್ನನ್ನು ಕೊಲ್ಲುತ್ತದೆ ಎಂದು ಆಕಾಶವಾಣಿಯೇ ಹೇಳಿತ್ತು, ಮತ್ತು ಅದು ಸುಳ್ಳಾಗಲಿಲ್ಲ. ಯಾವ ಗುಪ್ತಚರ ಸಂಸ್ಥೆಯೂ ಅಷ್ಟು ಖಚಿತವಾದ ವರದಿಯನ್ನು ಯಾವ ದೊರೆಗೂ ಕೊಟ್ಟಿರಲಾರದು. ಆದರೂ ಆ ಕಥೆ ಕೇಳಿದ ಯಾರೂ ಕಂಸ ತೊಟ್ಟಿಲ ಕೂಸುಗಳನ್ನು ಕೊಂದದ್ದು ಆತ್ಮರಕ್ಷಣೆ ಎಂದು ವಾದಿಸಿದ್ದನ್ನು ನಾನು ಕೇಳಿಲ್ಲ. ಇನ್ನೂ ಏನೂ ಮಾಡದವನನ್ನು ಮುಂದೆ ಮಾಡುವುದಕ್ಕಾಗಿ ಇಂದೇ ಶಿಕ್ಷಿಸುವುದನ್ನು ಕಂಡರೆ ಮನಸ್ಸು ಹಿಂಜರಿಯುತ್ತದೆ, ಭವಿಷ್ಯ ನಿಜವೇ ಆಗಿದ್ದರೂ.

ಹಾಗಾದರೆ ಮೊದಲೇಟು ಎಂದಿಗೂ ಸಲ್ಲದೇ? ಹಾಗೆನ್ನಲಾರೆ. 1837ರ ಡಿಸೆಂಬರಿನಲ್ಲಿ ಕೆನಡಾದ ಬಂಡುಕೋರರಿಗೆ ಸರಕು ಸಾಗಿಸುತ್ತಿದ್ದ ‘ಕ್ಯಾರೊಲಿನ್’ ಎಂಬ ಹಡಗಿಗೆ ಬ್ರಿಟಿಷ್ ಪಡೆ ಅಮೆರಿಕದ ದಡದಲ್ಲೇ ಬೆಂಕಿಯಿಟ್ಟು ನಯಾಗರಾದ ಪ್ರವಾಹಕ್ಕೆ ಬಿಟ್ಟಿತು. ಆ ಗಲಾಟೆಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೇನಿಯಲ್ ವೆಬ್‌ಸ್ಟರ್ ಒಂದು ಅಳತೆಗೋಲು ಕೊಟ್ಟರು: ಅಪಾಯ ಆ ಕ್ಷಣದ್ದಾಗಿರಬೇಕು, ಬೇರೆ ದಾರಿ ಇರಬಾರದು, ಕೂತು ಯೋಚಿಸಲು ವ್ಯವಧಾನವೂ ಇರಬಾರದು. ಹೊಡೆಯಲೆಂದು ಎತ್ತಿದ ಕೈ ಕೆಳಗಿಳಿಯುವ ಮುನ್ನ ತಡೆಯಬಹುದು ಎಂದಂತಾಯಿತು. ಸೈನ್ಯ ಗಡಿಗೆ ಬಂದು ನಿಂತಿರುವಾಗ ಮೊದಲು ನುಗ್ಗುವುದನ್ನು ಒಪ್ಪುವ ಚಿಂತಕರಿದ್ದಾರೆ. ಮೈಕಲ್ ವಾಲ್ಜರ್ 1967ರ ಜೂನಿನಲ್ಲಿ ಇಸ್ರೇಲ್ ಈಜಿಪ್ಟಿನ ಮೇಲೆ ಎರಗಿದ್ದನ್ನು ಸಮರ್ಥಿಸಿದ್ದು ಈ ಜಾಡಿನಲ್ಲೇ. ಆದರೆ ಕಾಲ ಜಾರುತ್ತದೆ. 1981ರಲ್ಲಿ ಅದೇ ಇಸ್ರೇಲ್ ಇರಾಕಿನ ಒಸಿರಾಕ್ ಪರಮಾಣು ಸ್ಥಾವರವನ್ನು ಒಡೆದದ್ದು ಮುಂದೆಂದೋ ಆಗಬಹುದಾದ ಬಾಂಬಿನ ಹೆಸರಿನಲ್ಲಿ. ಭದ್ರತಾ ಮಂಡಳಿ ಅದನ್ನು ಒಮ್ಮತದಿಂದ ಖಂಡಿಸಿತು. 2003ರಲ್ಲಿ ಇರಾಕಿನ ಮೇಲೆ ಯುದ್ಧ ಸಾರಲು ಕಾರಣವಾದ ಅಸ್ತ್ರಗಳ ದಾಸ್ತಾನು ಕೊನೆಗೂ ಸಿಗಲಿಲ್ಲ. ಗಂಟೆಗಳ ಲೆಕ್ಕ ವರ್ಷಗಳದ್ದಾಯಿತು, ವರ್ಷಗಳದ್ದು ಊಹೆಯದ್ದಾಯಿತು.

ಅಂತರಿಕ್ಷದಲ್ಲಿ ಈ ಜಾರುವಿಕೆಗೆ ತಡೆಯೇ ಇಲ್ಲ. ಅಲ್ಲಿನ ದೂರವೇ ಅಂಥದು. ಚೀನಾದ ಲಿಯು ಸಿಕ್ಸಿನ್, ಶಾಂಕ್ಸಿ ಪ್ರಾಂತದ ವಿದ್ಯುತ್ ಸ್ಥಾವರವೊಂದರಲ್ಲಿ ಎಂಜಿನಿಯರ್ ಆಗಿದ್ದುಕೊಂಡೇ ಬರೆದವರು, ತಮ್ಮ ‘ತ್ರೀ ಬಾಡಿ’ ಸರಣಿಯಲ್ಲಿ ಈ ಸಮಸ್ಯೆಯನ್ನು ಅದರ ತುದಿಯವರೆಗೆ ಒಯ್ಯುತ್ತಾರೆ. ನಾಲ್ಕು ಜ್ಯೋತಿರ್ವರ್ಷ ಆಚೆಯ ಟ್ರೈಸೊಲಾರಿಸ್‌ನಿಂದ ಹೊರಟ ಪಡೆ ಭೂಮಿ ಮುಟ್ಟಲು ನಾನೂರು ವರ್ಷಕ್ಕೂ ಹೆಚ್ಚು ಬೇಕು. 2008ರ ಎರಡನೆಯ ಸಂಪುಟ ‘ದ ಡಾರ್ಕ್ ಫಾರೆಸ್ಟ್’ನಲ್ಲಿ ಲುವೋ ಜಿ ಎಂಬ ಪಾತ್ರ ಒಂದು ಸಿದ್ಧಾಂತ ಕಂಡುಕೊಳ್ಳುತ್ತದೆ. ಎಲ್ಲ ನಾಗರಿಕತೆಗಳಿಗೂ ಬದುಕುಳಿಯುವುದೇ ಮೊದಲ ಅಗತ್ಯ, ಅವು ಬೆಳೆಯುತ್ತಲೇ ಇರುತ್ತವೆ, ವಿಶ್ವದ ದ್ರವ್ಯ ಮಾತ್ರ ಇದ್ದಷ್ಟೇ ಇರುತ್ತದೆ. ಎದುರಿನವನು ಒಳ್ಳೆಯವನೋ ಎಂದು ನನಗೆ ಗೊತ್ತಿಲ್ಲ, ನಾನು ಅವನನ್ನು ಒಳ್ಳೆಯವನೆಂದು ಬಗೆದಿದ್ದೇನೋ ಎಂದು ಅವನಿಗೆ ಗೊತ್ತಿಲ್ಲ. ಈ ಸಂಶಯದ ಸರಪಳಿಗೆ ಕೊನೆಯಿಲ್ಲ. ಇವತ್ತಿನ ದುರ್ಬಲನ ತಂತ್ರಜ್ಞಾನ ನಾಳೆ ಒಮ್ಮೆಲೇ ಸಿಡಿದು ಬೆಳೆಯಬಹುದು. ಹೀಗಾಗಿ ಕಂಡವರನ್ನು ಕಂಡಲ್ಲೇ ಮುಗಿಸುವುದು ಜಾಣತನ.

ಈ ಸರಪಳಿ ಲಿಯು ಅವರದೇ ಕಲ್ಪನೆ ಅಲ್ಲ. 1960ರಲ್ಲೇ ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ ಅದನ್ನು ಮನೆಗೆ ನುಗ್ಗಿದ ಕಳ್ಳನ ಉದಾಹರಣೆಯಲ್ಲಿ ವಿವರಿಸಿದ್ದರು. ಇಬ್ಬರ ಕೈಯಲ್ಲೂ ಪಿಸ್ತೂಲು, ಇಬ್ಬರಿಗೂ ಗುಂಡು ಹಾರಿಸುವ ಮನಸ್ಸಿಲ್ಲ, ಆದರೆ ಅವನು ಹೆದರಿ ಹಾರಿಸಿಯಾನು ಎಂಬ ಹೆದರಿಕೆ ಇಬ್ಬರಿಗೂ. ಅಣ್ವಸ್ತ್ರಗಳ ಕಾಲದ ಭಯ ಅದು. ಲಿಯು ಅದನ್ನು ಎರಡು ದೇಶಗಳಿಂದ ಎತ್ತಿ ನಕ್ಷತ್ರಲೋಕಕ್ಕೆ ಹಚ್ಚಿದರು.

ಸಿದ್ಧಾಂತಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅದೇ ಪುಸ್ತಕದ ಒಂದು ಪ್ರಸಂಗ. ಯುದ್ಧದಿಂದ ಪಾರಾದ ಐದು ಮಾನವ ನೌಕೆಗಳು ಸೌರಮಂಡಲ ಬಿಟ್ಟು ಹೊರಟಿವೆ. ಇಂಧನ, ಬಿಡಿಭಾಗಗಳು ಎಲ್ಲರಿಗೂ ಸಾಲವು. ವಿಷಯ ಎಲ್ಲರ ಮನಸ್ಸಿನಲ್ಲಿದೆ, ಬಾಯಿಬಿಟ್ಟು ಹೇಳುವವರಿಲ್ಲ. ‘ಅಲ್ಟಿಮೇಟ್ ಲಾ’ ಎಂಬ ನೌಕೆ ಉಳಿದವುಗಳ ಮೇಲೆ ಬಾಂಬು ಬಿಡುತ್ತದೆ. ಅದೇ ಕೆಲಸಕ್ಕೆ ಸಜ್ಜಾಗಿದ್ದ ‘ನ್ಯಾಚುರಲ್ ಸೆಲೆಕ್ಷನ್’ ಕೆಲವೇ ಸೆಕೆಂಡು ಹಿಂದೆ ಬಿದ್ದದ್ದಕ್ಕೆ ಸಾಯುತ್ತದೆ. ‘ಬ್ಲೂ ಸ್ಪೇಸ್’ ಮಾತ್ರ ಮೊದಲೇ ತನ್ನೊಳಗಿನ ಗಾಳಿಯನ್ನೆಲ್ಲ ಹೊರಹಾಕಿ, ಸಿಬ್ಬಂದಿಗೆ ಅಂತರಿಕ್ಷ ಉಡುಪು ತೊಡಿಸಿ ಕಾದಿತ್ತು. ಅದು ಬದುಕಿ, ಹೊಡೆದವರನ್ನು ಹೊಡೆಯುತ್ತದೆ. ಇಲ್ಲಿ ಯಾರೂ ಅನ್ಯಗ್ರಹದವರಲ್ಲ. ಒಂದೇ ಸೇನೆ, ಒಂದೇ ಶಾಲೆಯ ಪಾಠ, ರೇಡಿಯೊ ತೆರೆದಿದೆ. ಮಾತು ಸಾಧ್ಯವಿಲ್ಲದ ಕಡೆ ಸಂಶಯ ಬೆಳೆಯುತ್ತದೆ ಎನ್ನುವುದು ಲುವೋ ಜಿಯ ವಾದ. ಲಿಯು ಅವರ ಕಥೆ ಮಾತು ಸಾಧ್ಯವಿದ್ದೂ ಆಡದಿರುವವರನ್ನು ತೋರಿಸುತ್ತದೆ. ಕಥೆಗಾರ ತನ್ನ ಸಿದ್ಧಾಂತಿಗಿಂತ ಜಾಣ, ನನ್ನ ಮಟ್ಟಿಗೆ.

ಮೊದಲ ಸಂಪುಟದಲ್ಲೂ ಇಂಥದೇ ಒಂದು ಬಿರುಕಿದೆ. ಭೂಮಿಯ ಸಂಕೇತ ಟ್ರೈಸೊಲಾರಿಸ್ ತಲುಪಿದಾಗ ಅದನ್ನು ಮೊದಲು ಕೇಳಿಸಿಕೊಳ್ಳುವವನು ಒಂದು ಮೂಲೆಯ ಠಾಣೆಯ ಸಾಮಾನ್ಯ ನೌಕರ. ತನ್ನ ಜನ ಏನು ಮಾಡಿಯಾರು ಎಂದು ಬಲ್ಲ ಅವನು ಉತ್ತರಿಸಬೇಡಿ ಎಂದು ಭೂಮಿಗೆ ಎಚ್ಚರಿಕೆ ಕಳಿಸುತ್ತಾನೆ. ಸಾಂಸ್ಕೃತಿಕ ಕ್ರಾಂತಿಯಲ್ಲಿ ಅಪ್ಪನ ಕೊಲೆಯನ್ನು ಕಣ್ಣಾರೆ ಕಂಡಿದ್ದ ಯೆ ವೆಂಜಿ, ಎಚ್ಚರಿಕೆ ಓದಿಯೂ ಉತ್ತರಿಸುತ್ತಾಳೆ. ಶತ್ರುಲೋಕದಲ್ಲಿ ನಮ್ಮವನೊಬ್ಬ, ನಮ್ಮ ಲೋಕದಲ್ಲಿ ಅವರವಳೊಬ್ಬಳು. ಇಡೀ ಗ್ರಹವನ್ನು ಒಂದೇ ಮನಸ್ಸೆಂದು ಎಣಿಸಿದಾಗ ಮಾತ್ರ ಮೊದಲೇಟಿನ ಗಣಿತ ಸರಿಹೋಗುತ್ತದೆ. ಗ್ರಹ ಸುಟ್ಟರೆ ಮೊದಲು ಬೂದಿಯಾಗುವವರಲ್ಲಿ ಆ ನೌಕರನೂ ಇರುತ್ತಾನೆ.

ಅನ್ಯಲೋಕದವರು ಬಂದರೆ ಕೊಲಂಬಸ್ ಬಂದಾಗ ಅಮೆರಿಕದ ಮೂಲನಿವಾಸಿಗಳಿಗೆ ಆದದ್ದೇ ನಮಗೂ ಆದೀತು ಎಂದು ಸ್ಟೀಫನ್ ಹಾಕಿಂಗ್ 2010ರಲ್ಲಿ ಎಚ್ಚರಿಸಿದ್ದರು. ನಮ್ಮ ಪಶ್ಚಿಮ ಕರಾವಳಿಯವರಿಗೆ ನೆನಪಾಗಬೇಕಾದವನು ವಾಸ್ಕೊ ಡ ಗಾಮ. 1498ರ ಮೇನಲ್ಲಿ ಕಲ್ಲಿಕೋಟೆಯ ಮುಂದೆ ಲಂಗರು ಹಾಕಿದ ಅವನ ಮೂರು ಹಡಗುಗಳನ್ನು ಸಾಮೂದಿರಿ ಅಲ್ಲೇ ಮುಳುಗಿಸಿದ್ದರೆ? ಕೇಳಲು ರುಚಿಯಾದ ಪ್ರಶ್ನೆ. ಅದೇ ಗಾಮ 1502ರಲ್ಲಿ ಮರಳಿ ಬಂದು ಯಾತ್ರಿಕರ ಹಡಗನ್ನು ಸುಟ್ಟದ್ದು, ಕಲ್ಲಿಕೋಟೆಯ ಮೇಲೆ ಫಿರಂಗಿ ಹಾರಿಸಿದ್ದು ನಮಗೆ ಗೊತ್ತಿದೆ. ಆದರೆ 1498ರ ಸಾಮೂದಿರಿಯ ಕಣ್ಣಿಂದ ನೋಡಿ. ತೊಂಬತ್ತು ವರ್ಷದ ಹಿಂದೆ ಅದೇ ತೀರಕ್ಕೆ ಚೀನಾದ ಝೆಂಗ್ ಹೆ ಬಂದಿದ್ದ, 200ಕ್ಕೂ ಹೆಚ್ಚು ಹಡಗು, 27,000ದಷ್ಟು ಜನರ ಪಡೆಯೊಂದಿಗೆ. ಅಪಾಯವನ್ನು ಗಾತ್ರದಿಂದ ಅಳೆಯುವುದಾದರೆ ಮುಳುಗಿಸಬೇಕಿದ್ದದ್ದು ಅವನನ್ನು. ಅವನು ಕಲ್ಲಿಕೋಟೆಯಲ್ಲಿ ವ್ಯಾಪಾರ ಮಾಡಿ ಹೋದ. ಗಾಮನದೋ ಮೂರೇ ಹಡಗು, ಕೊಟ್ಟ ಕಾಣಿಕೆ ನೋಡಿ ಅರಮನೆಯವರು ನಕ್ಕಿದ್ದರು. ಬಂದವರನ್ನೆಲ್ಲ ಮುಳುಗಿಸುವ ನಿಯಮ ಹಾಕಿಕೊಂಡಿದ್ದರೆ ಗಾಮನೇನೋ ಸಾಯುತ್ತಿದ್ದ, ಆದರೆ ಅರಬರು, ಚೀನೀಯರು, ಗುಜರಾತಿಗಳು ಬಂದುಹೋಗುವ ಕಲ್ಲಿಕೋಟೆ ಎಂಬ ಪೇಟೆಯೇ ಹುಟ್ಟುತ್ತಿರಲಿಲ್ಲ.

ಯೋಚಿಸಲು ಹೊತ್ತೇ ಇಲ್ಲದಾಗಲೂ ಯೋಚಿಸಿದವರಿದ್ದಾರೆ. 1983ರ ಸೆಪ್ಟೆಂಬರ್ 26ರಂದು ಮಾಸ್ಕೊ ಹತ್ತಿರದ ಬಂಕರಿನಲ್ಲಿ ಕರ್ತವ್ಯದಲ್ಲಿದ್ದ ಸ್ತಾನಿಸ್ಲಾವ್ ಪೆಟ್ರೊವ್ ಅವರ ಮುಂದಿನ ಪರದೆ ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆ ಎಂದಿತು, ಕೊನೆಗೆ ಐದು ಎಂದಿತು. ಯುದ್ಧ ಆರಂಭಿಸುವವರು ಐದೇ ಕ್ಷಿಪಣಿ ಬಿಡುತ್ತಾರೆಯೇ ಎಂದು ಅವರು ತರ್ಕಿಸಿ, ಇದು ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದರು. ಎತ್ತರದ ಮೋಡಗಳ ಮೇಲೆ ಹೊಳೆದ ಬಿಸಿಲು ಉಪಗ್ರಹವನ್ನು ಮೋಸಗೊಳಿಸಿತ್ತು. ವೆಬ್‌ಸ್ಟರ್ ಅವರ ಅಳತೆಗೋಲಿನ ಎಲ್ಲ ಷರತ್ತೂ ಅಂದು ಪರದೆಯ ಮೇಲೆ ಪೂರೈಸಿದ್ದವು.

ಲಿಯು ಅವರ ಮೂರನೆಯ ಸಂಪುಟ ‘ಡೆತ್ಸ್ ಎಂಡ್’ ಓದಿದವರು ನನ್ನನ್ನು ಇಲ್ಲಿ ತಡೆಯುತ್ತಾರೆಂದು ಗೊತ್ತು. ಅಲ್ಲಿ ಚೆಂಗ್ ಶಿನ್ ಗುಂಡಿ ಒತ್ತಲು ಹಿಂಜರಿಯುತ್ತಾಳೆ, ಭೂಮಿ ಶತ್ರುವಿನ ಕೈವಶವಾಗುತ್ತದೆ. ಓದುಗರು ಅವಳನ್ನು ಇವತ್ತಿಗೂ ಬೈಯುತ್ತಾರೆ. ಆದರೆ ಅವಳ ಕೈಯಲ್ಲಿದ್ದದ್ದು ಮೊದಲೇಟಲ್ಲ, ದಾಳಿ ಆದ ಮೇಲಿನ ಪ್ರತೀಕಾರ, ಅದೂ ಎರಡೂ ಲೋಕಗಳ ವಿಳಾಸವನ್ನು ವಿಶ್ವಕ್ಕೆ ಸಾರಿ ಎರಡನ್ನೂ ಬಲಿಕೊಡುವಂಥದು. ಹೆದರಿಸಿ ತಡೆಯುವುದು ಸರಿಯೇ ಎಂಬುದು ಬೇರೆಯೇ ಚರ್ಚೆ. ಅಷ್ಟಕ್ಕೂ, ಅವಳಿಗೆ ಮುಂಚೆ ಲುವೋ ಜಿ ಆ ಬೆದರಿಕೆಯಿಂದ ದಶಕಗಳ ಕಾಲ ಶಾಂತಿ ಕಾಪಾಡಿದ್ದು ಎದುರಾಳಿಯ ಜೊತೆ ಮಾತಾಡಲು ಸಾಧ್ಯವಿದ್ದದ್ದರಿಂದ.

ಮೊದಲೇಟು ನಿಜಕ್ಕೂ ಬೀಳುವುದು ಆ ಸಂಪುಟದ ಕೊನೆಯ ಭಾಗದಲ್ಲಿ. ಸೌರಮಂಡಲವನ್ನು ಅಳಿಸುವ ಅಸ್ತ್ರ ಎಸೆಯುವವನು ಟ್ರೈಸೊಲಾರಿಸ್‌ನವನಲ್ಲ, ನಮ್ಮ ಹೆಸರೂ ಗೊತ್ತಿಲ್ಲದ ಇನ್ನಾವುದೋ ಲೋಕದವನು, ಹಾಡು ಗುನುಗುತ್ತ ಕೆಲಸ ಮಾಡುವ ಒಬ್ಬ ಕೆಳದರ್ಜೆಯ ನೌಕರ. ಗೊತ್ತಾದ ವಿಳಾಸಗಳನ್ನು ಶುಚಿಗೊಳಿಸುವುದು ಅವನ ದಿನದ ಪಾಳಿ. ಅಸ್ತ್ರ ಬೇಕೆಂದು ಮೇಲಧಿಕಾರಿಯನ್ನು ಕೇಳುತ್ತಾನೆ. ಹಿಂದೆ ಇದಕ್ಕೆ ಪ್ರಶ್ನೆ, ಪರಿಶೀಲನೆ ಎಲ್ಲ ಇತ್ತು, ಈಗ ಸುಮ್ಮನೆ ಕೊಟ್ಟುಬಿಡುತ್ತಾರೆ. ವೆಬ್‌ಸ್ಟರ್ ಯೋಚಿಸಲು ವ್ಯವಧಾನ ಇರಬಾರದು ಎಂದದ್ದು ತುರ್ತನ್ನು ಅಳೆಯಲು. ಈ ನೌಕರನಿಗೆ ವ್ಯವಧಾನ ಬೇಕಾದಷ್ಟಿದೆ, ಯೋಚಿಸುವುದು ಅವನ ಕೆಲಸದ ಪಟ್ಟಿಯಲ್ಲಿಲ್ಲ.