ಸಿ.ಡಿ. ಕಳೆದವನು ಕಳ್ಳನಾಗಬೇಕಿಲ್ಲ



ಕಳೆದ ವಾರ ಚನ್ನಪಟ್ಟಣದಿಂದ ನನ್ನ ತಂಗಿಯ ಮಗ ಕೆಟ್ಟುನಿಂತ ಲ್ಯಾಪ್‌ಟಾಪೊಂದನ್ನು ಹಿಡಿದು ಬಂದನು. "ಮಾವ, ಇದಕ್ಕೆ ವಿಂಡೋಸ್ ಮತ್ತೆ ಹಾಕಿಸಬೇಕು. ಕೊಂಡಾಗ ಸಿ.ಡಿ. ಕೊಟ್ಟಿರಲಿಲ್ಲ. ಅಂಗಡಿಯವನು ಕ್ರ್ಯಾಕ್ ಮಾಡಿದ್ದನ್ನ ಹಾಕಿಕೊಡ್ತೀನಿ, ಎಲ್ಲರೂ ಹಾಗೇ ಮಾಡೋದು ಅಂದ" ಎಂದನು. ಆ ಕೊನೆಯ ಮಾತು ನನ್ನನ್ನು ಕೆರಳಿಸಿತು. ಆ 'ಎಲ್ಲರ'ಲ್ಲಿ ಒಮ್ಮೆ ನಾನೂ ಒಬ್ಬನಾಗಿದ್ದೆ. ಅದಕ್ಕೆ ತೆತ್ತ ಬೆಲೆಯನ್ನು ಇನ್ನೂ ಮರೆತಿಲ್ಲ.

2004ರಲ್ಲಿ ಕನಕಪುರದಲ್ಲಿ ಅಧ್ಯಾಪಕನಾಗಿದ್ದಾಗ ಕಂತಿನ ಸಾಲದಲ್ಲಿ ಕಂಪ್ಯೂಟರೊಂದನ್ನು ಕೊಂಡೆ. ವಿಂಡೋಸ್ ಎಕ್ಸ್‌ಪಿಯ ಬೆಲೆಯೂ ಅದರಲ್ಲಿ ಸೇರಿತ್ತು. ಪರವಾನಗಿಯ ಚೀಟಿ ಪೆಟ್ಟಿಗೆಯ ಪಕ್ಕದಲ್ಲೇ ಅಂಟಿತ್ತು. 2008ರಲ್ಲಿ ರಾಮನಗರಕ್ಕೆ ಮನೆ ಬದಲಾಯಿಸುವಾಗ ಸಿ.ಡಿ. ಕಳೆದುಹೋಯಿತು. ಕೆಲವೇ ತಿಂಗಳಲ್ಲಿ ವೈರಸ್ ತಗುಲಿ ಯಂತ್ರ ಮೇಲೇಳದಾಯಿತು. ರಿಪೇರಿಯವನು "ಸಿ.ಡಿ. ಇಲ್ಲವಾ ಸಾರ್? ನಮ್ಮ ಹತ್ರ ಇದೆ ಬಿಡಿ" ಎಂದು, ಸಂಜೆಯೊಳಗೆ ಎಲ್ಲವನ್ನೂ ಅಳಿಸಿ ಕಳ್ಳಪ್ರತಿಯೊಂದನ್ನು ತುಂಬಿಕೊಟ್ಟನು.

ಅಳಿದುದರಲ್ಲಿ ನನ್ನ ತರಗತಿಯ ಮಕ್ಕಳು ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ತಮ್ಮ ಅಜ್ಜಿಯರಿಂದ ಕೇಳಿ ಬರೆದುತಂದಿದ್ದ ರಾಗಿ ಬೀಸುವ ಪದಗಳೂ ಸೋಬಾನೆ ಪದಗಳೂ ಇದ್ದವು. ರಾತ್ರಿಗಳಲ್ಲಿ ಕುಳಿತು 'ನುಡಿ' ತಂತ್ರಾಂಶದಲ್ಲಿ ನಾನೇ ಬೆರಳಚ್ಚು ಮಾಡಿ, ನೋಟುಪುಸ್ತಕಗಳನ್ನು ಮಕ್ಕಳಿಗೆ ಹಿಂದಿರುಗಿಸಿದ್ದೆ. ಹಾಡಿದ ಆ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ. ಸಾಲದ್ದಕ್ಕೆ, ಮರಳಿಬಂದ ಯಂತ್ರದಲ್ಲಿ ಅಂತರಜಾಲದ ಕನ್ನಡವೆಲ್ಲ ಒತ್ತಕ್ಷರಗಳು ಚದುರಿ ಕಾಣತೊಡಗಿತು. ಸರಿಪಡಿಸಲು ಭಾಷೆಯ ಆಯ್ಕೆಯಲ್ಲಿ ಗುರುತು ಹಾಕಿದರೆ ಅದು ಕೇಳಿದ್ದು ಎಕ್ಸ್‌ಪಿಯ ಸಿ.ಡಿ.ಯನ್ನೇ! ಅಂದು ಇಂಗ್ಲಿಷ್ ತಾನಾಗಿ ಬರುತ್ತಿತ್ತು. ನಮ್ಮ ಲಿಪಿಗಳನ್ನು ಬೇರೆಯಾಗಿ ಅಳವಡಿಸಬೇಕಿತ್ತು.

ಪಹಣಿ ಕಳೆದರೆ ಜಮೀನು ಕಳೆಯುತ್ತದೆಯೇ? ನಾಡಕಚೇರಿಯಲ್ಲಿ ಶುಲ್ಕ ಕಟ್ಟಿ ಇನ್ನೊಂದನ್ನು ಪಡೆಯುತ್ತೇವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಕಳೆದರೆ ಪಾಸಾದದ್ದು ರದ್ದಾಗುವುದಿಲ್ಲ. ನಾವು ಹಣ ತೆತ್ತದ್ದು ಪರವಾನಗಿಗೆ, ಪ್ಲಾಸ್ಟಿಕ್ಕಿನ ಬಿಲ್ಲೆಗಲ್ಲ. ಆದರೂ ಬಿಲ್ಲೆ ಕಳೆದವನಿಗೆ ಇನ್ನೊಂದನ್ನು ಸುಲಭವಾಗಿ ಕೊಡುವ ಏರ್ಪಾಟನ್ನು ಮಾರಿದವರು ಮಾಡಲಿಲ್ಲ. ಸ್ನೇಹಿತರ ಸಿ.ಡಿ. ತಂದರೆ, ಅದು ಬೇರೆ ಬಗೆಯದಾಗಿದ್ದರೆ ನಮ್ಮ ಚೀಟಿಯ ಸಂಖ್ಯೆಯನ್ನು ಒಪ್ಪುತ್ತಿರಲಿಲ್ಲ. ಮುಂದೆ ಅನೇಕ ತಯಾರಕರು ಸಿ.ಡಿ. ಕೊಡುವುದನ್ನೇ ನಿಲ್ಲಿಸಿ, "ನೀವೇ ಬರೆದಿಟ್ಟುಕೊಳ್ಳಿ" ಎಂದು ಕೈಪಿಡಿಯ ಮೂಲೆಯಲ್ಲಿ ಅಚ್ಚುಹಾಕಿ ಕೈತೊಳೆದುಕೊಂಡರು. ಪ್ರಾಮಾಣಿಕ ಗಿರಾಕಿಯನ್ನು ಕಳ್ಳಪ್ರತಿಯ ಬಾಗಿಲಿಗೆ ತಳ್ಳಿದ ಪಾಪದಲ್ಲಿ ಇವರ ಪಾಲೂ ಇದೆ.

ಹಾಗೆಂದು ಕಳ್ಳಪ್ರತಿ ಸರಿಯೆನ್ನಲಾರೆ. "ಅಷ್ಟು ದೊಡ್ಡ ಕಂಪನಿಗೆ ಏನು ನಷ್ಟ?" ಎನ್ನುವಿರಿ. ಪರೀಕ್ಷಾ ಕೊಠಡಿಯಲ್ಲಿ ನಿಮ್ಮ ಜೇಬಿನಿಂದ ಚೀಟಿ ತೆಗೆಸಿದಾಗ ಯಾರಿಗೆ ನಷ್ಟವೆಂದು ನಾನು ಲೆಕ್ಕ ಹಾಕಿರಲಿಲ್ಲ. ಇಲ್ಲಂತೂ ನಷ್ಟ ನಿಮ್ಮದೇ. ಬೀಗ ಒಡೆಯುವ ತಂತ್ರಾಂಶದ ಜೊತೆ ಮತ್ತೇನು ಒಳಹೊಕ್ಕಿತೆಂದು ಅಂಗಡಿಯವನಿಗೂ ತಿಳಿಯದು. ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀರಿ. ಹಣ ಕೊಟ್ಟು ಕೊಂಡವನು ಮತ್ತೆ ಹಣ ಕೊಟ್ಟು ಕಳ್ಳನೆನಿಸಿಕೊಳ್ಳುವುದು ಎಂಥ ವ್ಯಾಪಾರ?

ಇಂದು ಆ ನೆಪವೂ ಉಳಿದಿಲ್ಲ. ವಿಂಡೋಸ್ 8ರಿಂದೀಚೆಗೆ, ವಿಂಡೋಸ್ ಸಮೇತ ಬಂದ ಕಂಪನಿ ಲ್ಯಾಪ್‌ಟಾಪುಗಳಲ್ಲಿ ಪರವಾನಗಿಯ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಮೈಕ್ರೋಸಾಫ್ಟ್ ತಾಣದಿಂದಲೇ ವಿಂಡೋಸನ್ನು ಇಳಿಸಿಕೊಂಡು, 8 ಜಿ.ಬಿ. ಪೆನ್‌ಡ್ರೈವಿಗೆ ಹಾಕಿ, ಮೊದಲಿದ್ದ ಆವೃತ್ತಿಯನ್ನೇ ಅಳವಡಿಸಿದರೆ ಸಾಕು.

ನನ್ನ ಸೋದರಳಿಯನ ಯಂತ್ರ ವಿಂಡೋಸ್ 10ರದು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11 ಆ ಹಳೆಯ ಯಂತ್ರಕ್ಕೆ ಹೊಂದದು. ಆದ್ದರಿಂದ ಉಬುಂಟು ಲಿನಕ್ಸ್ ಆರಿಸಿದೆವು. ಅದಕ್ಕೆ ಹಣವಿಲ್ಲ, ಪ್ರತಿ ಮಾಡಿ ಹಂಚುವುದು ತಪ್ಪಲ್ಲ, ಕನ್ನಡ ಬರೆಯುವ ಅನುಕೂಲವೂ ಇದೆ. ಏನನ್ನೂ ಅಳಿಸುವ ಮುನ್ನ, ಪೆನ್‌ಡ್ರೈವಿನಿಂದಲೇ ಅದನ್ನು ಚಾಲೂ ಮಾಡಿ ಅವನ ಮಗಳ ಫೋಟೋಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡೆವು.

ಆಗ ನನ್ನ ಕರುಳು ಚುರುಕ್ ಎಂದಿತು. ಇದೇ ಉಬುಂಟುವಿನ ಸಿ.ಡಿ.ಯನ್ನು 2008ರಲ್ಲಿ ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದರು. ಅದೊಂದು ಕೈಯಲ್ಲಿದ್ದಿದ್ದರೆ ಅಜ್ಜಿಯರ ಪದಗಳನ್ನು ಅಳಿಸುವ ಮೊದಲೇ ಹೊರತೆಗೆಯಬಹುದಿತ್ತು. "ಒಳಗೆ ಏನಾದರೂ ಇದೆಯೇ?" ಎಂದು ರಿಪೇರಿಯವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಂದಿನ ಮನೆಗೆಲಸ ಇಷ್ಟೇ. ನಿಮ್ಮ ಯಂತ್ರದ ಪರವಾನಗಿ ಯಾವುದೆಂದು ನೋಡಿ ಬರೆದಿಡಿ. ಬೇಕಾದ ಕಡತಗಳನ್ನು ಇನ್ನೊಂದೆಡೆ ನಕಲು ಮಾಡಿಡಿ. ಕೆಟ್ಟ ಯಂತ್ರವನ್ನು ಅಂಗಡಿಗೆ ಒಯ್ದಾಗ "ಮೊದಲು ಕಡತ ತೆಗೆಯಿರಿ, ಆಮೇಲೆ ಅಳಿಸಿ" ಎಂದು ಬಾಯಿಬಿಟ್ಟು ಹೇಳಿ. ಆ ವರ್ಷಗಳಲ್ಲಿ ನನ್ನ ತರಗತಿಯಲ್ಲಿದ್ದವರ ಮನೆಯ ಅಟ್ಟದಲ್ಲಿ ಪದಗಳ ಆ ನೋಟುಪುಸ್ತಕ ಇನ್ನೂ ಉಳಿದಿದ್ದರೆ ದಯವಿಟ್ಟು ತಿಳಿಸಿ. ಮತ್ತೆ ಬೆರಳಚ್ಚು ಮಾಡುವ ಶಕ್ತಿ ನನಗಿದೆ. ಈ ಸಲ ಎರಡು ಪ್ರತಿ ಇಡುತ್ತೇನೆ.