*ಕಣ್ಣು ಪ್ರಿಂಟ್ ಮಾಡುವ ಇಂಕು ಎಲ್ಲಿಂದ ಬರುತ್ತದೆ?* 👁️



"ಹೈದರಾಬಾದಿನಲ್ಲಿ ಕಣ್ಣನ್ನೇ ಪ್ರಿಂಟ್ ಮಾಡುತ್ತಾರಂತೆ, ಇನ್ನು ನೇತ್ರದಾನ ಬೇಕಿಲ್ಲ" ಎಂದು ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ.

*ನಿಜವಾದ ಅರ್ಧ:* ಬೀದರ್ ಕಡೆಯಿಂದ ಕಣ್ಣು ತೋರಿಸಲು ರೈಲು ಹತ್ತಿ ನಾಂಪಲ್ಲಿಯಲ್ಲಿ ಇಳಿಯುವ ನಮ್ಮವರಿಗೆ ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆ ಗೊತ್ತಿರುತ್ತದೆ. ಆ ಸಂಸ್ಥೆ, ಐಐಟಿ ಹೈದರಾಬಾದ್ ಮತ್ತು ಸಿಸಿಎಂಬಿ ವಿಜ್ಞಾನಿಗಳು ಸೇರಿ ತ್ರೀಡಿ ಪ್ರಿಂಟರಿನಲ್ಲಿ ಕಾರ್ನಿಯಾ ತಯಾರಿಸಿ ಮೊಲದ ಕಣ್ಣಿಗೆ ಕಸಿ ಮಾಡಿದರು. 2022ರ ಆಗಸ್ಟ್‌ನಲ್ಲಿ ಈ ಸುದ್ದಿ ಹೊರಬಂತು. ಇಡೀ ಕಣ್ಣಲ್ಲ, ಕಾರ್ನಿಯಾ ಮಾತ್ರ. ಅಂದರೆ ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪದರ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಪೆಟ್ಟು ಬಿದ್ದು ಅಥವಾ ಸೋಂಕು ತಗುಲಿ ಅದು ಬೆಳ್ಳಗಾದರೆ ದೃಷ್ಟಿ ಹೋಗುತ್ತದೆ.

ಜಿಲೇಬಿ ಹಿಂಡಿದ ಹಾಗೆ, ಇಂಥ ಯಂತ್ರಗಳು ಸಣ್ಣ ನಳಿಕೆಯಿಂದ ಜೆಲ್ಲಿನಂಥ 'ಜೈವಿಕ ಇಂಕ'ನ್ನು ಪದರದ ಮೇಲೆ ಪದರವಾಗಿ ಹಾಕುತ್ತವೆ.

*ಸುಳ್ಳಾದ ಅರ್ಧ:* ಆ ಇಂಕು ಕಾರ್ಖಾನೆಯದಲ್ಲ. ದಾನವಾಗಿ ಬಂದ ಕಾರ್ನಿಯಾದಿಂದ ಜೀವಕೋಶಗಳನ್ನು ತೆಗೆದು, ಉಳಿದ ಭಾಗಕ್ಕೆ ಮನುಷ್ಯರ ಕಣ್ಣಿನದೇ ಕಾಂಡಕೋಶ ಸೇರಿಸಿ ಅದನ್ನು ಮಾಡಿದ್ದು. ದಾನ ನಿಂತರೆ ಇಂಕೂ ಇಲ್ಲ. ಹಾಗಾಗಿ ಈ ಸಂಶೋಧನೆ ನೇತ್ರದಾನಕ್ಕೆ ಬದಲಿಯಲ್ಲ, ದಾನ ಬಂದ ಕಣ್ಣನ್ನು ಇನ್ನೂ ಹೆಚ್ಚು ಜನರಿಗೆ ಮುಟ್ಟಿಸುವ ದಾರಿ ಎಂಬುದು ನನ್ನ ಅಭಿಪ್ರಾಯ.

2021ರ ಅಕ್ಟೋಬರ್ 29ರಂದು ಅಪ್ಪು ನಮ್ಮನ್ನಗಲಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಅದಕ್ಕೆ ಪ್ರಿಂಟರ್ ಬೇಕಾಗಲಿಲ್ಲ. ಆ ದುಃಖದಲ್ಲೂ ಮನೆಯವರು "ಆಗಲಿ" ಎಂದರಲ್ಲ, ಅದು ಬೇಕಾಯಿತು.

*ನೆನಪಿಡಿ:*
🔹 ಪ್ರಿಂಟ್ ಮಾಡಿದ ಕಾರ್ನಿಯಾ ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಸಾಮಾನ್ಯ ಚಿಕಿತ್ಸೆಯಾಗಿಲ್ಲ. ಅದಕ್ಕಾಗಿ ಕಾಯುತ್ತಾ, ಡಾಕ್ಟರು ಹೇಳಿದ ಕಸಿ ಮುಂದೂಡಬೇಡಿ.
🔹 ಕನ್ನಡಕ, ಸಕ್ಕರೆ ಕಾಯಿಲೆ, ಬಿಪಿ ಇದ್ದವರೂ, ಪೊರೆ ಆಪರೇಷನ್ ಆದವರೂ ನೇತ್ರದಾನ ಮಾಡಬಹುದು.
🔹 ಮರಣದ ನಂತರ ಸುಮಾರು 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ನೇತ್ರ ಬ್ಯಾಂಕಿಗೆ ತಕ್ಷಣ ಫೋನ್ ಮಾಡಿ.
🔹 ಅವರು ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆ ಸ್ವಲ್ಪ ಎತ್ತರದಲ್ಲಿರಲಿ.
🔹 ಮುಖ ವಿಕಾರವಾಗುವುದಿಲ್ಲ.

ಪರ್ಸಿನಲ್ಲಿ ದಾನದ ಕಾರ್ಡ್ ಇಟ್ಟುಕೊಂಡರೆ ಸಾಲದು. ಆ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಮನೆಯವರು. ಇವತ್ತೇ ಊಟಕ್ಕೆ ಕೂತಾಗ ಅವರಿಗೆ ಹೇಳಿಡಿ. 🙏